ಯಾರೂ ಹೊರಗುಳಿಯದ ಹುಟ್ಟುಹಬ್ಬ

ಸಂಜೆ ನಾಲ್ಕೂವರೆ ಗಂಟೆ. ನಡುಮನೆಯ ತುಂಬ ಬಣ್ಣದ ಕಾಗದದ ತೋರಣಗಳು. ಹದಿನಾರು ಮಕ್ಕಳು, ನಡುವೆ ಹದಿನೈದು ಕುರ್ಚಿಗಳು. ನುಡಿಯುತ್ತಿದ್ದ ಹಾಡು ಥಟ್ಟನೆ ನಿಂತಿತು. ಮಕ್ಕಳೆಲ್ಲ ಕುರ್ಚಿಗಳತ್ತ ನುಗ್ಗಿದರು. ಒಂದು ಮಗು ಮಾತ್ರ ಎಲ್ಲಿಯೂ ಎಡೆ ಸಿಗದೆ ನಿಂತುಬಿಟ್ಟಿತು. ಅಂದು ಐದು ವರ್ಷ ತುಂಬಿದ ಮಗುವೇ ಅದು! ಬೆಳಿಗ್ಗೆ ಎಣ್ಣೆನೀರು ಹಾಕಿಸಿಕೊಂಡು, ಹೊಸ ಅಂಗಿ ತೊಟ್ಟು, ಹಸೆಮಣೆಯ ಮೇಲೆ ಕುಳಿತು ಆರತಿ ಎತ್ತಿಸಿಕೊಂಡಿದ್ದ ಮಗು.

"ನೀನು ಔಟಾದೆ ಪುಟ್ಟ, ಪಕ್ಕಕ್ಕೆ ಬಾ" ಎಂದರು ಆಟ ನಡೆಸುತ್ತಿದ್ದ ಚಿಕ್ಕಪ್ಪ, ನಗುನಗುತ್ತಲೇ. ಪುಟ್ಟನಿಗೆ ನಗು ಬರಲಿಲ್ಲ. ಕೋಣೆಯ ಪರದೆಯ ಹಿಂದೆ ಹೋಗಿ ಅವಿತುಕೊಂಡ. ತಾಯಿ ಬೆನ್ನ ಹಿಂದೆಯೇ ಹೋಗಿ, "ಹುಟ್ಟಿದ ಹಬ್ಬದ ದಿನ ಅಳಬಾರದು ಕಂದ, ಎಲ್ಲರೂ ನೋಡುತ್ತಾರೆ" ಎಂದು ಕಣ್ಣೊರಸಿ ಕರೆತಂದಳು. ಕೇಕಿನ ಮುಂದೆ ತೆಗೆದ ಚಿತ್ರದಲ್ಲಿ ಎಲ್ಲ ಮುಖಗಳೂ ಅರಳಿವೆ. ನಡುವಿನ ಮುಖವೊಂದು ಮಾತ್ರ ಬಾಡಿದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಕ್ಕಳ ಹುಟ್ಟುಹಬ್ಬ ನಡೆಸಿದ ಮನೆಗಳಲ್ಲಿ ಬಹುಪಾಲು ಈ ದೃಶ್ಯವನ್ನು ಒಂದಲ್ಲ ಒಂದು ರೂಪದಲ್ಲಿ ಕಂಡಿವೆ. ಇಲ್ಲಿ ತಪ್ಪು ಚಿಕ್ಕಪ್ಪನದಲ್ಲ, ತಾಯಿಯದೂ ಅಲ್ಲ. ಹಣ ಬೇಕಾದಷ್ಟು ಖರ್ಚಾಗಿತ್ತು, ಪ್ರೀತಿಗೂ ಕೊರತೆಯಿರಲಿಲ್ಲ. ಆರಿಸಿಕೊಂಡ ಆಟದ ಗುಣವೇ ಅಂಥದು. ಕುರ್ಚಿಯಾಟದ ಲೆಕ್ಕವನ್ನೇ ನೋಡಬಹುದು. ಹದಿನಾರು ಮಕ್ಕಳು ಆಡಿದರೆ ಗೆದ್ದವರು ಯಾರೆಂದು ತಿಳಿಯಲು ಹದಿನೈದು ಸುತ್ತು ನಡೆಯಬೇಕು. ಎಂಟು ಸುತ್ತು ಮುಗಿಯುವ ಹೊತ್ತಿಗೆ ಅರ್ಧದಷ್ಟು ಮಕ್ಕಳು ಗೋಡೆಗೆ ಒರಗಿ ನಿಂತಿರುತ್ತಾರೆ. ಮೊದಲು ಹೊರಬಿದ್ದ ಮಗು ಇನ್ನೂ ಹದಿನಾಲ್ಕು ಸುತ್ತುಗಳನ್ನು ನೋಡುತ್ತ ಕಾಯಬೇಕು. ಸುತ್ತಿಗೆ ಒಂದೂವರೆ ನಿಮಿಷವೆಂದರೂ ಅದು ಇಪ್ಪತ್ತೊಂದು ನಿಮಿಷ. ಐದು ವರ್ಷದ ಮಗುವಿಗೆ ಅದು ಒಂದು ಯುಗ. ಅದರಲ್ಲಿಯೂ ಮೊದಲು ಹೊರಬೀಳುವುದು ಎಲ್ಲರಿಗಿಂತ ಚಿಕ್ಕ ಮಗು, ಇಲ್ಲವೆ ನೂಕಲು ಬಾರದ ಸಾಧುಮಗು. ಆಟದ ಅಗತ್ಯ ಯಾರಿಗೆ ಹೆಚ್ಚಾಗಿದೆಯೋ ಅವರಿಗೇ ಆಟ ಮೊದಲು ತಪ್ಪಿಹೋಗುತ್ತದೆ.

ಆದುದರಿಂದ ಹುಟ್ಟುಹಬ್ಬದ ಮನೋರಂಜನೆಯನ್ನು ಯೋಚಿಸುವಾಗ ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ "ಯಾವ ಆಟ ಚೆನ್ನ?" ಎಂಬುದಲ್ಲ, "ಈ ಆಟ ನಡೆಯುವಾಗ ಸುಮ್ಮನೆ ನಿಲ್ಲುವ ಮಗು ಯಾವುದು?" ಎಂಬುದು.

ಬೆಳಗಿನ ಆರತಿ, ಸಂಜೆಯ ಕೇಕು

ಕನ್ನಡ ನಾಡಿನ ಮನೆಗಳಲ್ಲಿ ಮಕ್ಕಳ ವರ್ಧಂತಿ ಹೊಸದಲ್ಲ. ಜನ್ಮನಕ್ಷತ್ರದ ದಿನ ಅಭ್ಯಂಜನ, ದೇವರಿಗೆ ದೀಪ, ಹಿರಿಯರಿಗೆ ನಮಸ್ಕಾರ, ತಲೆಯ ಮೇಲೆ ಅಕ್ಷತೆ, ಎಲೆಯ ತುದಿಗೆ ಪಾಯಸ: ಇಷ್ಟರಲ್ಲಿ ಹಬ್ಬ ಮುಗಿಯುತ್ತಿತ್ತು. ಅಲ್ಲಿ ಪ್ರತ್ಯೇಕವಾದ ಮನೋರಂಜನೆಯೆಂಬುದಿರಲಿಲ್ಲ. ಇಂಗ್ಲಿಷ್ ತಾರೀಖಿನ ಸಂಜೆಯ ಕೂಟ ನಗರಗಳಲ್ಲಿ ಬೆಳೆದುಬಂದ ವಾಡಿಕೆ. ಕೇಕಿನ ಮೇಲೆ ಮೇಣದ ಬತ್ತಿ ಹಚ್ಚುವ ಪದ್ಧತಿ ಹದಿನೆಂಟನೆಯ ಶತಮಾನದಲ್ಲಿಯೇ ಜರ್ಮನಿಯಲ್ಲಿತ್ತು. ಇಂದು ಅನೇಕ ಮನೆಗಳಲ್ಲಿ ಬೆಳಿಗ್ಗೆ ಆರತಿ, ಸಂಜೆ ಕೇಕು ಎರಡೂ ಹೊಂದಿಕೊಂಡು ನಡೆಯುತ್ತವೆ. ದೀಪ ಆರಿಸುವುದು ಅಶುಭವೆಂದು ಮನಸ್ಸು ಅಳುಕಿದ ಕೆಲವು ಅಜ್ಜಿಯರು ಕೇಕಿನ ಪಕ್ಕದಲ್ಲಿ ಒಂದು ನಂದಾದೀಪವಿಟ್ಟು ಸಮಾಧಾನ ಪಟ್ಟುಕೊಳ್ಳುವುದೂ ಉಂಟು.

ಎಲ್ಲರೂ ಕೈತಟ್ಟಿ ಹಾಡುವ ಆ ಇಂಗ್ಲಿಷ್ ಶುಭಾಶಯದ ಹಾಡಿನ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ಅದರ ಧಾಟಿ ಹುಟ್ಟಿದ್ದು ಹುಟ್ಟುಹಬ್ಬಕ್ಕಾಗಿ ಅಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಪ್ಯಾಟಿ ಹಿಲ್ ಎಂಬಾಕೆ ಶಿಶುವಿಹಾರವನ್ನು ನಡೆಸುತ್ತಿದ್ದರು. ಅವರ ಅಕ್ಕ ಮಿಲ್ಡ್ರೆಡ್ ಹಿಲ್ ಸಂಗೀತ ಬಲ್ಲವರು. ಬೆಳಿಗ್ಗೆ ತರಗತಿಗೆ ಬರುವ ಮಕ್ಕಳನ್ನು ಸ್ವಾಗತಿಸಲು ಸೋದರಿಯರಿಬ್ಬರೂ ಸೇರಿ ರಚಿಸಿದ ಹಾಡು 1893ರಲ್ಲಿ ಪುಸ್ತಕದಲ್ಲಿ ಅಚ್ಚಾಯಿತು. ಎಳೆಯ ಕೊರಳಿಗೆ ನಿಲುಕುವಷ್ಟೇ ಸ್ವರಗಳು, ಎಲ್ಲ ಮಕ್ಕಳಿಗೂ ಒಂದೇ ಸಲಕ್ಕೆ ಬರುವಷ್ಟು ಸರಳವಾದ ಧಾಟಿ. ಮುಂದೆ ಅದೇ ಧಾಟಿಗೆ ಹುಟ್ಟುಹಬ್ಬದ ಮಾತುಗಳು ಸೇರಿ ಲೋಕವನ್ನೆಲ್ಲ ಸುತ್ತಿತು. ಅದರ ಹಕ್ಕಿನ ಬಗೆಗೆ ಅಮೆರಿಕದಲ್ಲಿ ನಡೆದ ವ್ಯಾಜ್ಯ 2016ರಲ್ಲಿ ಮುಗಿದು ಹಾಡು ಸಾರ್ವಜನಿಕರ ಸ್ವತ್ತಾಯಿತು. ಅದು ಇಷ್ಟು ಕಾಲ ಬಾಳಿದ್ದರ ಗುಟ್ಟನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಹಾಡಲು ಬಾರದೆ ಹೊರಗುಳಿಯುವವರು ಅದರಲ್ಲಿ ಯಾರೂ ಇಲ್ಲ. ಹುಟ್ಟುಹಬ್ಬದ ಆಟಗಳಿಗೂ ಇದೇ ಅಳತೆಗೋಲು ಸಾಕು.

ಎಷ್ಟು ಮಂದಿ? ಎಷ್ಟು ಹೊತ್ತು?

ಮಗುವಿಗೆ ಎಷ್ಟು ವರ್ಷವೋ ಅಷ್ಟು ಮಕ್ಕಳು, ಹೆಚ್ಚೆಂದರೆ ಇನ್ನೊಬ್ಬಿಬ್ಬರು ಎಂಬುದು ಅನುಭವಸ್ಥರು ಹೇಳುವ ಮಾತು. ಬಂಧುಬಳಗ, ನೆರೆಹೊರೆ, ಕಚೇರಿಯ ಸ್ನೇಹಿತರು ಎಂದು ಪಟ್ಟಿ ಬೆಳೆಯುವ ಮನೆಗಳಲ್ಲಿ ಇದನ್ನು ನಡೆಸುವುದು ಕಷ್ಟವೇ ಸರಿ. ಅದಕ್ಕೊಂದು ಸುಲಭೋಪಾಯವುಂಟು. ಬಂಧುಗಳಿಗೆ ಮಧ್ಯಾಹ್ನದ ಊಟ, ಮಗುವಿನ ಗೆಳೆಯರಿಗೆ ಸಂಜೆಯ ಆಟ ಎಂದು ವಿಂಗಡಿಸಿಬಿಟ್ಟರೆ ದೊಡ್ಡವರಿಗೂ ಸಂತೋಷ, ಚಿಕ್ಕವರಿಗೂ ಸ್ವಾತಂತ್ರ್ಯ. ಒಂದೇ ಕೂಟದಲ್ಲಿ ಎಲ್ಲರನ್ನೂ ಸೇರಿಸಿದರೆ ದೊಡ್ಡವರು ಕುರ್ಚಿಗಳನ್ನು ಹಿಡಿದು ಕುಳಿತು ಕುಶಲ ವಿಚಾರಿಸತೊಡಗುತ್ತಾರೆ. ಮಕ್ಕಳು ಅವರ ಕಾಲುಗಳ ನಡುವೆ ಓಡಾಡಿ ಬೈಸಿಕೊಳ್ಳುತ್ತಾರೆ.

ಕೂಟ ಎರಡು ಗಂಟೆಗಳಿಗಿಂತ ಹೆಚ್ಚಿಗೆ ಬೇಡ. ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಮಧ್ಯಾಹ್ನದ ನಿದ್ರೆ ಮುಗಿದಿರುತ್ತದೆ, ರಾತ್ರಿಯ ನಿದ್ರೆ ಇನ್ನೂ ದೂರವಿರುತ್ತದೆ. ಆಮಂತ್ರಣದಲ್ಲಿ ಆರಂಭದ ವೇಳೆಯಂತೆಯೇ ಮುಕ್ತಾಯದ ವೇಳೆಯನ್ನೂ ಬರೆಯುವುದು ಲೇಸು. ಮಕ್ಕಳು ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಮೊದಲು ಬಂದವರು ಏನು ಮಾಡಬೇಕೆಂದು ತೋಚದೆ ತಾಯಿಯ ಸೆರಗು ಹಿಡಿದು ನಿಲ್ಲುವ ಆ ಮೊದಲ ಅರ್ಧ ಗಂಟೆಯೇ ಅತ್ಯಂತ ನಾಜೂಕಿನದು. ಆ ವೇಳೆಗಾಗಿ ಒಂದು ಚಾಪೆ, ಬಣ್ಣದ ಸೀಸದಕಡ್ಡಿಗಳು, ಮೊದಲೇ ಕತ್ತರಿಸಿಟ್ಟ ಕಾಗದದ ಕಿರೀಟಗಳು ಇದ್ದರೆ ಸಾಕು. ಬಂದ ಮಗು ತನ್ನ ಕಿರೀಟಕ್ಕೆ ತಾನೇ ಬಣ್ಣ ಹಚ್ಚುತ್ತ ಕೂಡುತ್ತದೆ. ತಡವಾಗಿ ಬಂದ ಮಗುವೂ ಸದ್ದಿಲ್ಲದೆ ಆ ಸಾಲಿನಲ್ಲಿ ಸೇರಿಕೊಳ್ಳುತ್ತದೆ.

ಅನಂತರದ ಕ್ರಮ ಉಸಿರಾಟದಂತಿರಬೇಕು: ಒಂದು ಓಡುವ ಆಟ, ಒಂದು ಕೂರುವ ಆಟ, ಮತ್ತೊಂದು ಓಟ, ಆಮೇಲೆ ತಿಂಡಿ, ಕೊನೆಗೆ ಕಥೆ. ಓಡಿ ದಣಿದ ಮಕ್ಕಳನ್ನು ಹಾಗೆಯೇ ಮನೆಗೆ ಕಳುಹಿಸಿದರೆ ಬಾಗಿಲಲ್ಲಿಯೇ ಅಳು ಆರಂಭವಾಗುತ್ತದೆ. ಕಥೆ ಕೇಳಿ ತಣ್ಣಗಾದ ಮಕ್ಕಳು ಕೈಬೀಸಿ ಹೋಗುತ್ತಾರೆ.

ವಯಸ್ಸಿಗೆ ತಕ್ಕ ಆಟ

ಮೂರು ವರ್ಷದ ಒಳಗಿನ ಮಕ್ಕಳು ಒಟ್ಟಿಗೆ ಆಡುವುದಕ್ಕಿಂತ ಹೆಚ್ಚಾಗಿ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಆಡುತ್ತಾರೆ. ಅವರಿಗೆ ನಿಯಮಗಳ ಆಟ ಬೇಡ. ಸೋಪಿನ ನೀರಿನ ಗುಳ್ಳೆ, ಒಂದು ತಟ್ಟೆ ಮರಳು, ಬಡಿಯಲು ನಾಲ್ಕು ಡಬ್ಬಿ, ಇಷ್ಟೇ ಅವರಿಗೆ ಸ್ವರ್ಗ.

ನಾಲ್ಕೈದು ವರ್ಷದ ಮಕ್ಕಳಿಗೆ ನಿಯಮ ತಿಳಿಯುತ್ತದೆ. ಆದರೆ ಸೋಲನ್ನು ತಾಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎಲ್ಲರೂ ಒಟ್ಟಿಗೆ ಒಂದೇ ಕೆಲಸ ಮಾಡುವ ಆಟಗಳು ಇವರಿಗೆ ಉಚಿತ. ಆನೆಯಂತೆ ನಡೆ, ಕಪ್ಪೆಯಂತೆ ಕುಪ್ಪಳಿಸು, ಬೆಕ್ಕಿನಂತೆ ಸದ್ದಿಲ್ಲದೆ ಹೋಗು ಎನ್ನುವ ಆಟ ಇವರನ್ನು ಕಾಲು ಗಂಟೆ ಹಿಡಿದಿಡುತ್ತದೆ.

ಆರರಿಂದ ಎಂಟರವರಿಗೆ ಹುಡುಕುವ ಆಟದ ಹುಚ್ಚು. ಒಂಬತ್ತು ದಾಟಿದವರು ತಮ್ಮನ್ನು ಎಳೆಯ ಮಕ್ಕಳಂತೆ ನಡೆಸಿಕೊಂಡರೆ ಮುಖ ಸಿಂಡರಿಸುತ್ತಾರೆ. ಅವರಿಗೆ ಎರಡು ಪಂಗಡಗಳ ಆಟ, ಒಗಟು, ಅಂತ್ಯಾಕ್ಷರಿ, ಅಂಗಳವಿದ್ದರೆ ಲಗೋರಿ ಬೇಕು. ಚಿಕ್ಕವರ ಕೂಟದಲ್ಲಿ ಇಂಥ ದೊಡ್ಡ ಮಕ್ಕಳು ಒಬ್ಬಿಬ್ಬರು ಇದ್ದರೆ ಅವರನ್ನು ಆಟಗಾರರನ್ನಾಗಿ ಮಾಡದೆ ಆಟ ನಡೆಸುವವರನ್ನಾಗಿ ಮಾಡುವುದು ಜಾಣತನ.

ಹಳೆಯ ಆಟ, ಹೊಸ ನಿಯಮ

ಹಾಗಾದರೆ ಕುರ್ಚಿಯಾಟವನ್ನು ಕೈಬಿಡಬೇಕೆ? ಬೇಕಾಗಿಲ್ಲ. ನಿಯಮವನ್ನು ಸ್ವಲ್ಪ ತಿರುಗಿಸಿದರಾಯಿತು. ಕುರ್ಚಿಗಳ ಬದಲು ನೆಲದ ಮೇಲೆ ಚಾಪೆಯ ತುಂಡುಗಳನ್ನೋ ಹಳೆಯ ಪತ್ರಿಕೆಯ ಹಾಳೆಗಳನ್ನೋ ಹರಡಬೇಕು. ಹಾಡು ನಿಂತಾಗ ಎಲ್ಲರೂ ಅವುಗಳ ಮೇಲೆ ನಿಲ್ಲಬೇಕು. ಪ್ರತಿ ಸುತ್ತಿನಲ್ಲಿಯೂ ಒಂದೊಂದು ಹಾಳೆಯನ್ನು ತೆಗೆಯಬೇಕು, ಮಕ್ಕಳನ್ನು ಮಾತ್ರ ತೆಗೆಯಕೂಡದು! ಉಳಿದ ಹಾಳೆಗಳ ಮೇಲೆ ಎಲ್ಲರೂ ಹೇಗಾದರೂ ಮಾಡಿ ಹೊಂದಿಕೊಳ್ಳಬೇಕು. ಹಾಳೆಗಳು ಕಡಮೆಯಾದಂತೆಲ್ಲ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಒಂಟಿ ಕಾಲಿನಲ್ಲಿ ನಿಂತು, ಚಿಕ್ಕವರನ್ನು ಎತ್ತಿಕೊಂಡು ಮಕ್ಕಳು ಪಡುವ ಪಾಡನ್ನು ನೋಡಿಯೇ ಆನಂದಿಸಬೇಕು. ಮೊದಲಿನ ಆಟದಲ್ಲಿ ನೂಕುವ ಮಗು ಗೆಲ್ಲುತ್ತಿತ್ತು. ಇಲ್ಲಿ ಜಾಗ ಮಾಡಿಕೊಡುವ ಮಗುವಿಗೆ ಬೆಲೆ.

"ಕೆರೆ–ದಡ" ಎಲ್ಲರೂ ಬಲ್ಲ ಆಟ. ನೆಲಕ್ಕೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದು, ನಾಯಕ "ಕೆರೆ" ಎಂದಾಗ ಒಂದು ಕಡೆಗೂ "ದಡ" ಎಂದಾಗ ಇನ್ನೊಂದು ಕಡೆಗೂ ನೆಗೆಯಬೇಕು. ತಪ್ಪಿದವರನ್ನು ಹೊರಗೆ ಕಳುಹಿಸುವ ಬದಲು ನಾಯಕನ ಪಕ್ಕದಲ್ಲಿ ನಿಲ್ಲಿಸಿ, ಮುಂದಿನ ತಪ್ಪು ಹಿಡಿಯುವ ಅಧಿಕಾರ ಕೊಟ್ಟರೆ ತಪ್ಪಿದ ಮಗುವಿಗೆ ಅವಮಾನದ ಬದಲು ಬಡ್ತಿ ಸಿಕ್ಕಂತಾಗುತ್ತದೆ.

ಪೊಟ್ಟಣ ದಾಟಿಸುವ ಆಟವೂ ಹಾಗೆಯೇ. ಒಂದು ವಸ್ತುವಿನ ಸುತ್ತ ಕಾಗದದ ಮೇಲೆ ಕಾಗದ ಸುತ್ತಿ, ಮಕ್ಕಳ ಸಂಖ್ಯೆಯಷ್ಟು ಪದರ ಮಾಡಿ, ಪ್ರತಿ ಪದರದಲ್ಲಿಯೂ ಒಂದು ಕಡಲೆಮಿಠಾಯಿಯನ್ನೋ ಒಂದು ಚಿಕ್ಕ ಒಗಟಿನ ಚೀಟಿಯನ್ನೋ ಇಡಬೇಕು. ಹಾಡು ನಿಂತಾಗ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚುತ್ತಾರೆ. ಹಾಡು ನಿಲ್ಲಿಸುವ ಬೆರಳು ತಾಯಿಯದೇ ಆದ್ದರಿಂದ ಪ್ರತಿ ಮಗುವಿಗೂ ಒಂದೊಂದು ಸರದಿ ಬರುವಂತೆ ಆಕೆ ನೋಡಿಕೊಳ್ಳಬಹುದು. ಈ ಒಂದು ಕಪಟವನ್ನು ಯಾವ ದೇವರೂ ಕ್ಷಮಿಸುತ್ತಾನೆ.

ವಸ್ತು ಹುಡುಕುವ ಆಟದಲ್ಲಿ ಚುರುಕಾದವರು ಎಲ್ಲವನ್ನೂ ಬಾಚಿಕೊಂಡು ಮೆತ್ತನೆಯವರು ಬರಿಗೈಯಲ್ಲಿ ನಿಲ್ಲುವುದುಂಟು. ಪ್ರತಿ ಮಗುವಿಗೂ ಒಂದೊಂದು ಬಣ್ಣ ಗೊತ್ತುಮಾಡಿ, ತನ್ನ ಬಣ್ಣದ ಚೀಟಿಯನ್ನು ಮಾತ್ರ ಹುಡುಕತಕ್ಕದ್ದು ಎಂದರೆ ಆ ತೊಡಕು ತೀರಿತು. ತನ್ನದು ಸಿಕ್ಕ ಮಗು ಇನ್ನೊಬ್ಬರಿಗೆ ನೆರವಾಗಬಹುದು.

ಮಳೆ ಬಂದು ಎಲ್ಲರೂ ಒಳಗೆ ಕೂಡುವಂತಾದರೆ ಅಜ್ಜಿಯ ಪೆಟ್ಟಿಗೆಯ ಕವಡೆಗಳೂ ಹುಣಿಸೆಬೀಜಗಳೂ ಹೊರಬರಲಿ. ಚೌಕಾಬಾರಕ್ಕೆ ನೆಲದ ಮೇಲೊಂದು ಮನೆ ಬರೆದರೆ ನಾಲ್ವರಿಗೆ ಆಟವಾಯಿತು. ಅಳಿಗುಳಿಮಣೆ ಇಬ್ಬರನ್ನು ಮೈಮರೆಸುತ್ತದೆ. ಮೊಬೈಲಿನ ಪರದೆಯ ಮೇಲೆ ಎಷ್ಟೋ ಆಟಗಳನ್ನು ಬಲ್ಲ ಮಕ್ಕಳು ಕವಡೆಯ ಸದ್ದಿಗೆ ಕಣ್ಣರಳಿಸುವುದನ್ನು ಕಂಡು ಅಜ್ಜಿಯರಿಗೂ ಅಂದು ಹಬ್ಬವೇ.

ಬಾಡಿಗೆಯ ಮನೋರಂಜನೆ

ಈಗ ನಗರಗಳಲ್ಲಿ ಜಾದೂಗಾರರು, ಮುಖಕ್ಕೆ ಬಣ್ಣ ಬರೆಯುವವರು, ಕೋಡಂಗಿಯ ವೇಷದವರು, ಧ್ವನಿವರ್ಧಕ ಹಿಡಿದು ಆಟ ಆಡಿಸುವವರು ದೊರೆಯುತ್ತಾರೆ. ತಾಯಿತಂದೆಗಳಿಬ್ಬರೂ ದುಡಿಯುವ ಮನೆಗಳಿಗೆ ಇದೊಂದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲವು ಮಾತುಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಬರುವ ಮಕ್ಕಳ ವಯಸ್ಸೇನು, ಕೋಣೆ ಎಷ್ಟು ದೊಡ್ಡದು ಎಂಬುದನ್ನು ತಿಳಿಸಬೇಕು. ಚಿಕ್ಕ ಕೋಣೆಗೆ ಧ್ವನಿವರ್ಧಕದ ಅಗತ್ಯವಿಲ್ಲ. ಎಳೆಯ ಕಿವಿಗಳಿಗೆ ಅದು ಹಿಂಸೆ. ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಅನೇಕರು ಮುಖವಾಡವನ್ನೂ ಬಣ್ಣದ ಮೂಗನ್ನೂ ಕಂಡು ಬೆಚ್ಚುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಮಗುವನ್ನೂ ಮುಂದೆ ನಿಲ್ಲಿಸಿ ಉಳಿದವರನ್ನು ನಗಿಸಕೂಡದೆಂದು ಸ್ಪಷ್ಟವಾಗಿ ಹೇಳಬೇಕು. ಒಳ್ಳೆಯ ಕಲಾವಿದ ಇದನ್ನು ಹೇಳುವ ಮೊದಲೇ ಬಲ್ಲ.

ಮನೆಯಲ್ಲಿಯೇ ಏನಾದರೂ ತೋರಿಸಬೇಕೆಂಬ ಉತ್ಸಾಹವುಳ್ಳವರಿಗೆ ನಾಡಿನ ಗೊಂಬೆಯಾಟವೇ ದಾರಿ ತೋರಿಸುತ್ತದೆ. ಕುಂದಾಪುರದ ಬಳಿಯ ಉಪ್ಪಿನಕುದ್ರು ಯಕ್ಷಗಾನದ ಸೂತ್ರದ ಗೊಂಬೆಗಳಿಗೆ ಹೆಸರಾದ ಊರು. ಬಯಲುಸೀಮೆಯಲ್ಲಿ ತೊಗಲುಗೊಂಬೆಯವರು ಬಿಳಿಯ ಪರದೆ ಕಟ್ಟಿ, ಹಿಂದೆ ದೀಪವಿಟ್ಟು, ಬಣ್ಣದ ನೆರಳುಗಳಲ್ಲಿ ರಾಮಾಯಣ ಮಹಾಭಾರತಗಳನ್ನು ಆಡಿಸುತ್ತ ಬಂದಿದ್ದಾರೆ. ಬಾಳೆಲ್ಲ ಈ ಕಲೆಯಲ್ಲಿ ಸವೆಸಿದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಆ ಕೌಶಲ ಮನೆಯವರಿಗೆ ಬಾರದು. ಅದರ ನೆರಳು ಬಂದರೂ ಮಕ್ಕಳಿಗೆ ಸಾಕು. ಬಾಗಿಲಿಗೆ ಅಡ್ಡಲಾಗಿ ತಂದೆಯ ಬಿಳಿಯ ಪಂಚೆ, ಹಿಂದೊಂದು ದೀಪ, ರಟ್ಟಿನಲ್ಲಿ ಕತ್ತರಿಸಿ ಕಡ್ಡಿಗೆ ಅಂಟಿಸಿದ ಮೊಸಳೆ, ಕೋತಿ, ನೇರಳೆಮರ. ಪಂಚತಂತ್ರದ ಕಥೆಯೊಂದು ಹತ್ತು ನಿಮಿಷದಲ್ಲಿ ಸಿದ್ಧ. ಕಥೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಪಂಚೆಯ ಹಿಂದೆ ಹೋಗಿ ಗೊಂಬೆ ಹಿಡಿಯಲಿ. ಹತ್ತು ಜನರ ಎದುರಿಗೆ ಬಾಯಿ ಬಿಡದ ಮಗು ಪರದೆಯ ಮರೆಯಲ್ಲಿ ಮೊಸಳೆಯಾಗಿ ಗರ್ಜಿಸುವುದನ್ನು ಕೇಳಿ ಅದರ ತಾಯಿಯೇ ಬೆರಗಾದರೂ ಆಶ್ಚರ್ಯವಿಲ್ಲ.

ಎಚ್ಚರಿಕೆಯ ಮಾತುಗಳು ಒಂದೆರಡು ಇವೆ. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುವ ಅಪಾಯವುಂಟು. ಒಡೆದ ಕೂಡಲೆ ಚೂರುಗಳನ್ನು ಆರಿಸಿಬಿಡಬೇಕು. ಜಲಜನಕ ತುಂಬಿದ ಬಲೂನು ಬೆಂಕಿ ಸೋಕಿದರೆ ಭುಗಿಲೇಳುತ್ತದೆ. ಹುಟ್ಟುಹಬ್ಬದ ಮಗುವಿನ ತಲೆಗೆ ಚಿಮ್ಮಿಸುವ ನೊರೆಯ ಡಬ್ಬಿಗಳಲ್ಲಿಯೂ ಬೇಗ ಹೊತ್ತಿಕೊಳ್ಳುವ ಅನಿಲವಿರುವುದುಂಟು. ಉರಿಯುವ ಮೇಣದ ಬತ್ತಿಯ ಬಳಿ ಇವೆರಡೂ ಸುಳಿಯಬಾರದು.

ಉಡುಗೊರೆ ಮತ್ತು ಅಡುಗೆಮನೆಯ ಬಾಗಿಲು

ಬಂದ ಉಡುಗೊರೆಗಳನ್ನು ಎಲ್ಲರೆದುರಿಗೆ ಬಿಚ್ಚುವುದು ಬೇಡ. ದೊಡ್ಡ ಪೆಟ್ಟಿಗೆ ತಂದ ಮಗುವೂ ಎರಡು ಸೀಸದಕಡ್ಡಿ ತಂದ ಮಗುವೂ ಪಕ್ಕಪಕ್ಕದಲ್ಲಿಯೇ ಕುಳಿತಿರುತ್ತವೆ. ಬೆಲೆಯನ್ನು ಅಳೆಯುವ ಪಾಠ ಅಂದೇ ಆರಂಭವಾಗಬೇಕಾಗಿಲ್ಲ. ಮಕ್ಕಳೆಲ್ಲ ಹೋದ ಮೇಲೆ ನಿಧಾನವಾಗಿ ಬಿಚ್ಚಿ, ಯಾರು ಏನು ತಂದರೆಂದು ನೆನೆದು, ಮರುದಿನ ಶಾಲೆಯಲ್ಲಿ ಅವರಿಗೆ ಒಂದು ಮಾತು ಹೇಳುವಂತೆ ಮಗುವಿಗೆ ಕಲಿಸಿದರೆ ಚೆನ್ನು. ಹೋಗುವಾಗ ಕೈಗಿಡುವ ರಿಟರ್ನ್ ಗಿಫ್ಟ್ ಗೆದ್ದವರಿಗೂ ಸೋತವರಿಗೂ ಒಂದೇ ಆಗಿರಲಿ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಬುಗುರಿಯೊಂದು ಮನೆಗೆ ಹೋದ ಮೇಲೆಯೂ ತಿರುಗುತ್ತಿರುತ್ತದೆ. ಮೂರು ವರ್ಷದೊಳಗಿನವರಿಗೆ ಮಾತ್ರ ಬಾಯಿಗೆ ಹಾಕಿಕೊಳ್ಳಲಾಗದಷ್ಟು ದೊಡ್ಡ ಗೊಂಬೆ ಬೇಕು.

ಇನ್ನೊಂದು ಮಗುವನ್ನು ಮರೆಯಲಾಗದು. ಪಾತ್ರೆ ತೊಳೆಯಲು ಬಂದ ತಾಯಿಯ ಜೊತೆಯಲ್ಲಿ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ನಡುಮನೆಯ ಆಟವನ್ನು ಇಣಿಕಿ ನೋಡುವ ಮಗು. ತಿಂಡಿಯ ತಟ್ಟೆ ಅದಕ್ಕೂ ಹೋಗುತ್ತದೆ, ನಿಜ. ಆಟದ ಕರೆ ಮಾತ್ರ ಹೋಗುವುದಿಲ್ಲ. ಕಾಗದದ ಕಿರೀಟ ಕತ್ತರಿಸುವಾಗಲೇ ಅದಕ್ಕೂ ಒಂದನ್ನು ಕತ್ತರಿಸಿಟ್ಟರೆ, "ನೀನೂ ಬಾರೋ, ಆಡು" ಎಂದು ಮನೆಯ ಮಗುವೇ ಕರೆದರೆ, ಮಕ್ಕಳ ಲೋಕದಲ್ಲಿ ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ಆ ಕರೆ ಹೋಗದಿದ್ದರೆ ಅದನ್ನು ಗಮನಿಸುವ ಕಣ್ಣುಗಳು ಎರಡು ಜೊತೆ ಇರುತ್ತವೆ: ಬಾಗಿಲಲ್ಲಿ ನಿಂತ ಮಗುವಿನವು, ಪಾತ್ರೆ ತೊಳೆಯುತ್ತಿರುವ ತಾಯಿಯವು.

ಪರದೆಯ ಹಿಂದೆ ಅವಿತುಕೊಂಡಿದ್ದ ಆ ಪುಟ್ಟನಿಗೆ ಮುಂದಿನ ವರ್ಷ ಆರು ತುಂಬುತ್ತದೆ. ಆ ದಿನದ ಸಂಜೆಯನ್ನು ಊಹಿಸಿಕೊಳ್ಳಬಹುದು. ಕರೆದದ್ದು ಎಂಟೇ ಮಕ್ಕಳನ್ನು. ಕುರ್ಚಿಗಳೆಲ್ಲ ಮಹಡಿಯ ಮೇಲೆ. ನೆಲದ ಮೇಲೆ ಪತ್ರಿಕೆಯ ಹಾಳೆಗಳು. ಕೊನೆಯ ಸುತ್ತಿನಲ್ಲಿ ಉಳಿದದ್ದು ಒಂದೇ ಹಾಳೆ. ಅದರ ಮೇಲೆ ಒಂಬತ್ತು ಮಕ್ಕಳು ಒಬ್ಬರಿಗೊಬ್ಬರು ಜೋತುಬಿದ್ದು ನಿಂತಿದ್ದಾರೆ. ಅಡುಗೆಮನೆಯ ಬಾಗಿಲಿಂದ ಬಂದ ಹತ್ತನೆಯ ಮಗುವಿಗೆ ಕಾಲಿಡಲು ಎಡೆಯಿಲ್ಲ. ಪುಟ್ಟ ಕೈ ನೀಡಿ, "ನನ್ನ ಕಾಲಿನ ಮೇಲೆ ನಿಂತ್ಕೋ" ಎಂದು ಎಳೆದುಕೊಂಡ. ಮರುಗಳಿಗೆಯಲ್ಲಿ ಹತ್ತೂ ಮಕ್ಕಳು ನೆಲಕ್ಕುರುಳಿ ಬಿದ್ದು ನಕ್ಕರು. ಯಾರು ಗೆದ್ದರೆಂದು ಯಾರೂ ಕೇಳಲಿಲ್ಲ. ಆ ಗಳಿಗೆಯ ಚಿತ್ರ ತೆಗೆಯಲು ತಂದೆ ಮರೆತೇಬಿಟ್ಟ, ಅವನೂ ನಗುತ್ತಿದ್ದ.